ಮೆಕ್‌ವಿಲಿಯಮ್ಸ್, ಡೇವಿಡ್

1966–. ಐರ್ಲೆಂಡಿನ ಅರ್ಥಶಾಸ್ತ್ರಜ್ಞ, ಅಂಕಣಕಾರ, ಹಣಕಾಸು ವಿಷಯದ ಟಿವಿ ಸಾಕ್ಷ್ಯಚಿತ್ರಗಳ ಲೇಖಕ ಮತ್ತು ನಿರೂಪಕ. ಹುಟ್ಟೂರು ಡಬ್ಲಿನ್. ಅಲ್ಲಿನ ಟ್ರಿನಿಟಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ, ಬೆಲ್ಜಿಯಂನ ಬ್ರೂಜ್‌ನಲ್ಲಿರುವ ಕಾಲೇಜ್ ಆಫ್ ಯುರೋಪ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು.

1990ರಿಂದ 1993ರವರೆಗೆ ಐರ್ಲೆಂಡಿನ ಸೆಂಟ್ರಲ್ ಬ್ಯಾಂಕಿನಲ್ಲಿದ್ದರು. ಆ ಅವಧಿಯ ಕೊನೆಗೆ ಐರಿಷ್ ಪೌಂಡು ಸಟ್ಟಾ ವ್ಯಾಪಾರದ ಒತ್ತಡಕ್ಕೆ ಸಿಕ್ಕಿ, 1993ರ ಜನವರಿಯಲ್ಲಿ ಶೇ. 10ರಷ್ಟು ಅಪಮೌಲ್ಯಗೊಂಡಿತು. ಸ್ವಂತ ನಾಣ್ಯವುಳ್ಳ ದೇಶ ಹೀಗೆ ಪೆಟ್ಟನ್ನು ತಗ್ಗಿಸಿಕೊಳ್ಳಬಲ್ಲದು, ಯೂರೊ ಒಪ್ಪಿಕೊಂಡ ದೇಶಕ್ಕೆ ಆ ದಾರಿ ಮುಚ್ಚಿಹೋಗಿರುತ್ತದೆ ಎಂಬ ವಾದ ಮುಂದೆ ಅವರ ಬರವಣಿಗೆಯ ಉದ್ದಕ್ಕೂ ಬಂದಿದೆ. ಯುಬಿಎಸ್ ಮತ್ತು ಬಿಎನ್‌ಪಿ ಬ್ಯಾಂಕುಗಳಲ್ಲಿ ಕೆಲವು ವರ್ಷ ದುಡಿದು, ತಾಯ್ನಾಡಿಗೆ ಮರಳಿ ಪತ್ರಿಕೆ ಮತ್ತು ಟಿವಿಗೆ ಬಂದರು. ಟಿವಿ3 ವಾಹಿನಿಯ ‘ಅಜೆಂಡಾ’ ಅವರನ್ನು ಮನೆಮಾತಾಗಿಸಿದ ಮೊದಲ ಕಾರ್ಯಕ್ರಮ.

ಆಗ ಐರ್ಲೆಂಡ್ ‘ಕೆಲ್ಟಿಕ್ ಟೈಗರ್’ ಎನಿಸಿಕೊಂಡು ಮೆರೆಯುತ್ತಿದ್ದ ಕಾಲ. ಯೂರೊ ತಂದ ಅಗ್ಗದ ಬಡ್ಡಿಯ ಸಾಲ ನಿವೇಶನ ಮತ್ತು ಮನೆಗಳ ಮೇಲೆ ಸುರಿಯಿತು. ಸುಮಾರು 42 ಲಕ್ಷ ಜನಸಂಖ್ಯೆಯ ದೇಶದಲ್ಲಿ 2006ರ ಒಂದೇ ವರ್ಷ 90 ಸಾವಿರದಷ್ಟು ಮನೆಗಳು ಎದ್ದವು. ಈ ಅಬ್ಬರವನ್ನು ಮೆಕ್‌ವಿಲಿಯಮ್ಸ್ ಅಂಕಿಅಂಶಕ್ಕಿಂತ ಹೆಚ್ಚಾಗಿ ಪಾತ್ರಗಳ ಮೂಲಕ ಹೇಳಿದರು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಐರ್ಲೆಂಡಿಗೆ ಬಂದುಹೋದ ಆಸುಪಾಸಿನಲ್ಲಿ ಹುಟ್ಟಿದ ಪೀಳಿಗೆಯನ್ನು ಕುರಿತ ‘ದ ಪೋಪ್ಸ್ ಚಿಲ್ಡ್ರನ್’ (2005) ಭಾರಿ ಮಾರಾಟವಾಯಿತು. ಅದನ್ನು ಆಧರಿಸಿದ ಸರಣಿ ಸರ್ಕಾರಿ ವಾಹಿನಿ ಆರ್‌ಟಿಇಯಲ್ಲಿ ಪ್ರಸಾರವಾಯಿತು. ಬೆಳಗಿನ ತಿಂಡಿಯನ್ನು ಪೆಟ್ರೋಲ್ ಬಂಕಿನಲ್ಲೇ ಕಟ್ಟಿಸಿಕೊಂಡು ಕಟ್ಟಡ ಕೆಲಸಕ್ಕೆ ಓಡುವ ‘ಬ್ರೇಕ್‌ಫಾಸ್ಟ್ ರೋಲ್ ಮ್ಯಾನ್’ ಅದರ ಅತ್ಯಂತ ಪ್ರಸಿದ್ಧ ಪಾತ್ರ. ಸಮಾಜಶಾಸ್ತ್ರವಾಗಿ ಇಂಥ ಮಾದರಿಗಳು ತೆಳುವಾದವು, ನಿಜ. ಆದರೆ ಬಡ್ಡಿದರದ ಚರ್ಚೆಗೆ ಕಿವಿಗೊಡದ ಜನ ಇದನ್ನು ಕೂತು ನೋಡಿದರು.

ಮನೆ ಬೆಲೆಗಳ ಗುಳ್ಳೆ ಒಡೆಯುತ್ತದೆಂದು ಅವರು 2000ರ ದಶಕದ ಆರಂಭದಿಂದಲೇ ಹೇಳುತ್ತಿದ್ದರು. ಬೆಲೆಗಳು ಮಾತ್ರ 2007ರವರೆಗೂ ಏರಿದವು. ಮೊದಲ ಎಚ್ಚರಿಕೆ ನಂಬಿ ಮನೆ ಕೊಳ್ಳದೆ ಕೂತವರು ಬಹುಕಾಲ ಪೇಚಾಡಿರಬೇಕು. ಊರಾಚೆ ಕಟ್ಟಿ ಖಾಲಿಬಿಟ್ಟ ಬಡಾವಣೆಗಳನ್ನು 2006ರಲ್ಲಿ ‘ಗೋಸ್ಟ್ ಎಸ್ಟೇಟ್’ ಎಂದು ಕರೆದರು. 2010ರ ಸರ್ಕಾರಿ ಸಮೀಕ್ಷೆಗೆ ಅಂಥ ಅಪೂರ್ಣ ಬಡಾವಣೆಗಳು 2,800ಕ್ಕೂ ಮಿಕ್ಕಿ ಸಿಕ್ಕವು. ಎಚ್ಚರಿಸಿದವರು ಅವರೊಬ್ಬರೇ ಅಲ್ಲ. ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ಮಾರ್ಗನ್ ಕೆಲಿ ಹಳೆಯ ಕುಸಿತಗಳ ಲೆಕ್ಕವಿಟ್ಟು ವಾದಿಸಿದರು. 2007ರಲ್ಲಿ ಪತ್ರಕರ್ತ ರಿಚರ್ಡ್ ಕರನ್ ಆರ್‌ಟಿಇಗೆ ಇದೇ ವಿಷಯದ ಸಾಕ್ಷ್ಯಚಿತ್ರ ನಿರೂಪಿಸಿದರು. ಕೊಂಕು ತೆಗೆಯುವವರು ಆತ್ಮಹತ್ಯೆ ಯಾಕೆ ಮಾಡಿಕೊಳ್ಳುವುದಿಲ್ಲವೋ ಎಂಬರ್ಥದ ಮಾತನ್ನು ಪ್ರಧಾನಿ ಬರ್ಟಿ ಅಹರ್ನ್ ಆಡಿ, ಕ್ಷಮೆ ಕೇಳಿದ್ದೂ ಆ ವರ್ಷವೇ.

ಮೆಕ್‌ವಿಲಿಯಮ್ಸ್ ವೃತ್ತಿಜೀವನದ ಅತ್ಯಂತ ವಿವಾದಿತ ಅಧ್ಯಾಯ 2008ರ ಸೆಪ್ಟೆಂಬರಿನದು. ಬ್ಯಾಂಕುಗಳಿಂದ ಹಣ ಸೋರಿಹೋಗುತ್ತಿದ್ದಾಗ ಹಣಕಾಸು ಸಚಿವ ಬ್ರಯಾನ್ ಲೆನಿಹನ್ ಒಂದು ರಾತ್ರಿ ಅವರ ಮನೆಗೇ ಬಂದು ಸಲಹೆ ಕೇಳಿದರು. ಠೇವಣಿ ಮತ್ತು ಸಾಲಗಳಿಗೆ ಸರ್ಕಾರವೇ ಖಾತರಿ ನೀಡಲಿ ಎಂಬುದು ಮೆಕ್‌ವಿಲಿಯಮ್ಸ್ ನಿಲುವು. ಅದೇ ತಿಂಗಳ 29ರ ರಾತ್ರಿ ಸರ್ಕಾರ ಆರು ಸಂಸ್ಥೆಗಳ ಸುಮಾರು 44,000 ಕೋಟಿ ಯೂರೊ ಹೊಣೆಗೆ ಎರಡು ವರ್ಷದ ಖಾತರಿ ಕೊಟ್ಟಿತು. ಗಾಬರಿ ತಣಿಸುವ ತಾತ್ಕಾಲಿಕ ಉಪಾಯವಷ್ಟೇ ತಮ್ಮ ಮನಸ್ಸಿನಲ್ಲಿದ್ದದ್ದು, ಆ ಆರರಲ್ಲಿ ಒಂದಾದ ಆಂಗ್ಲೊ ಐರಿಷ್ ಬ್ಯಾಂಕನ್ನು ಮುಳುಗಲು ಬಿಡಬೇಕಿತ್ತು ಎಂದು ಅವರು ಮುಂದೆ ವಾದಿಸಿದರು. ಈ ಸಮಜಾಯಿಷಿಯನ್ನು ಎಲ್ಲರೂ ಒಪ್ಪಿಲ್ಲ. ಬ್ಯಾಂಕುಗಳನ್ನು ಉಳಿಸಲು ಜನರ ತೆರಿಗೆಯಿಂದ ಹೋದದ್ದು ಸುಮಾರು 6,400 ಕೋಟಿ ಯೂರೊ. 2010ರ ನವೆಂಬರಿನಲ್ಲಿ ದೇಶ ಐಎಂಎಫ್ ಮತ್ತು ಯುರೋಪಿಯನ್ ಒಕ್ಕೂಟದ ಮುಂದೆ ಕೈಯೊಡ್ಡಬೇಕಾಯಿತು. ಲೆನಿಹನ್ ಬೆಳ್ಳುಳ್ಳಿ ಅಗಿಯುತ್ತ ಕೂತಿದ್ದ ವಿವರದ ಸಮೇತ ಆ ಭೇಟಿಯನ್ನು ‘ಫಾಲೊ ದ ಮನಿ’ (2009) ಪುಸ್ತಕದಲ್ಲಿ ಬಯಲು ಮಾಡಿದ್ದು ನಂಬಿಕೆಗೆ ಎಸಗಿದ ದ್ರೋಹವೆಂಬ ಟೀಕೆಯೂ ಬಂತು. ಚರಿತ್ರಕಾರರಿಗಂತೂ ಅದು ಉಪಕಾರವೇ ಆಯಿತು.

ಅದೇ ವರ್ಷ ಆಸ್ಟ್ರೇಲಿಯಾದ ಎಬಿಸಿ ವಾಹಿನಿಯಲ್ಲಿ ‘ಅಡಿಕ್ಟೆಡ್ ಟು ಮನಿ’ ಸರಣಿ ಬಂತು. ಆಸ್ಟ್ರೇಲಿಯಾದ ಮನೆ ಬೆಲೆಗಳೂ ಐರ್ಲೆಂಡಿನ ದಾರಿ ಹಿಡಿದಿವೆ ಎಂಬುದು ಅವರ ಎಚ್ಚರಿಕೆ. ಅಲ್ಲಿ ಅಂಥ ಕುಸಿತ ಬರಲಿಲ್ಲ. 2010ರಲ್ಲಿ ರಿಚರ್ಡ್ ಕುಕ್ ಜೊತೆಗೂಡಿ ಕಿಲ್ಕೆನಿ ಪಟ್ಟಣದಲ್ಲಿ ‘ಕಿಲ್ಕೆನಾಮಿಕ್ಸ್’ ಉತ್ಸವ ಆರಂಭಿಸಿದರು. ಹಾಸ್ಯಗಾರರೂ ಅರ್ಥಶಾಸ್ತ್ರಜ್ಞರೂ ಒಂದೇ ವೇದಿಕೆಯಲ್ಲಿ ಕೂರುತ್ತಾರೆ. ಹಾಸ್ಯಗಾರ ಪ್ರಶ್ನೆ ಕೇಳಿದಾಗ ಪಂಡಿತರು ಪರಿಭಾಷೆಯ ಮರೆಗೆ ಸರಿಯುವುದು ಕಷ್ಟ. ‘ಪಂಕ್ ಎಕನಾಮಿಕ್ಸ್’ ವ್ಯಂಗ್ಯಚಿತ್ರ ವಿಡಿಯೊಗಳೂ ಇದೇ ಧಾಟಿಯವು. ದೇಶದ ಸಂಪತ್ತು ಯಾರ ಕೈಯಲ್ಲಿದೆ ಎಂದು ಕೇಳುವ ಸಾಕ್ಷ್ಯಚಿತ್ರ ‘ಐರ್ಲೆಂಡ್ಸ್ ಗ್ರೇಟ್ ವೆಲ್ತ್ ಡಿವೈಡ್’ 2015ರಲ್ಲಿ ಆರ್‌ಟಿಇಯಲ್ಲಿ ಪ್ರಸಾರವಾಯಿತು. ಬಳಿಕ ‘ಐರಿಷ್ ಟೈಮ್ಸ್’ ಅಂಕಣ ಮತ್ತು ಪಾಡ್‌ಕಾಸ್ಟ್‌ಗಳತ್ತ ಹೊರಳಿದರು. ಹಣದ ಚರಿತ್ರೆಯನ್ನು ಕುರಿತ ‘ಮನಿ: ಎ ಸ್ಟೋರಿ ಆಫ್ ಹ್ಯುಮ್ಯಾನಿಟಿ’ 2024ರಲ್ಲಿ ಪ್ರಕಟವಾಯಿತು.