ಸಕಲೇಶಪುರಕ್ಕೆ ಬಂದವರೇ, ಘಟ್ಟ ಇಳೀರಿ

ಶನಿವಾರ-ಭಾನುವಾರ ಬಂತು ಅಂದ್ರೆ ನಮ್ಮ ಕಡೆ ಬೆಂಗಳೂರಿನ ಕಾರುಗಳದ್ದೇ ಸಾಲು. ಹೋಂಸ್ಟೇ, ರಾತ್ರಿ ಕ್ಯಾಂಪ್ ಫೈರ್, ಬೆಳಗ್ಗೆ ಮಂಜರಾಬಾದ್ ಕೋಟೆ ಮೇಲೊಂದಷ್ಟು ಫೋಟೋ, ಮಧ್ಯಾಹ್ನ ಊಟ ಮುಗಿಸಿ ವಾಪಸ್. ಬರಬೇಡಿ ಅಂತ ನಾನು ಹೇಳಲ್ಲ. ಆಲೂರು, ಸಕಲೇಶಪುರದ ಎಷ್ಟೋ ಮನೆಗಳಿಗೆ ಇವತ್ತು ಇದೂ ಒಂದು ಆದಾಯ. ಆದ್ರೆ ಮಕ್ಕಳನ್ನು, ಅಪ್ಪ-ಅಮ್ಮನನ್ನು ಕರ್ಕೊಂಡು ಬರೋ ಸಂಸಾರಸ್ಥರಿಗೆ ನನ್ನದೊಂದು ಮಾತಿದೆ. ಅಲ್ಲಿಂದಲೇ ಗಾಡಿ ತಿರುಗಿಸಬೇಡಿ. ಎರಡು ದಿನ ಜಾಸ್ತಿ ರಜೆ ಹಾಕಿ, ಸುಮಾರು 130 ಕಿ.ಮೀ. ಮುಂದೆ ಹೋಗಿ, ಮಂಗಳೂರು ನೋಡಿ. ಬೀಚಿಗೆ ಅಂತಲ್ಲ. ನೀವು ಈಗಷ್ಟೇ ಹತ್ತಿ ಇಳಿದ ಬೆಟ್ಟದ ಅರ್ಧ ಕತೆ ಅಲ್ಲಿದೆ, ಅದಕ್ಕೆ.

ಮೊದಲು ಕೋಟೆಯನ್ನೇ ತಗೊಳ್ಳಿ. ಮಂಜರಾಬಾದ್ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿದೆ. ಟಿಪ್ಪು ಸುಲ್ತಾನ್ ಅದನ್ನು 1792ರಲ್ಲಿ ಕಟ್ಟಿಸಿದ. ಇಷ್ಟು ಎಲ್ಲ ರೀಲ್ಸ್‌ನಲ್ಲೂ ಬರುತ್ತೆ. ಆದ್ರೆ ಇಲ್ಲೇ ಯಾಕೆ ಕಟ್ಟಿಸಿದ ಅಂತ ಮಗು ಕೇಳಿದ್ರೆ ಏನು ಹೇಳ್ತೀರಾ? ಉತ್ತರ ಕೋಟೆಯ ಪಶ್ಚಿಮ ದಿಕ್ಕಿಗಿದೆ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳ್ಕೊಂಡ. ಮಲಬಾರ್ ಹೋಯ್ತು, ಕೊಡಗು ಹೋಯ್ತು. ಕೈಯಲ್ಲುಳಿದ ದೊಡ್ಡ ಬಂದರು ಮಂಗಳೂರು. ಆ ಬಂದರಿಗೆ ಇಳಿಯೋ ದಾರಿ ಕಾಯೋಕೆ ಈ ಕೋಟೆ. ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ಹೊಳೆ ದಂಡೆ ಮೇಲೆ, ಸುಲ್ತಾನ್ ಬತ್ತೇರಿ ಅಂತ ಒಂದು ಪುಟ್ಟ ಕಾವಲು ಬುರುಜಿದೆ. 1784ರದ್ದು. ಯುದ್ಧದ ಹಡಗು ಹೊಳೆಯೊಳಗೆ ನುಗ್ಗದ ಹಾಗೆ ನೋಡ್ಕೊಳ್ಳೋಕೆ ಕಟ್ಟಿಸಿದ್ದು. ಬತ್ತೇರಿ ನೀರಿನ ಬಾಗಿಲಿಗೆ, ಮಂಜರಾಬಾದ್ ಘಟ್ಟದ ಬಾಗಿಲಿಗೆ. ಒಂದನ್ನು ಮಾತ್ರ ನೋಡಿದ್ರೆ ಲೆಕ್ಕ ಬಿಡಿಸಿ ಉತ್ತರ ಬರೀದೇ ಎದ್ದು ಬಂದ ಹಾಗೆ.

ಅಲ್ಲಿಗೆ ಹೋದಾಗ ಮಕ್ಕಳಿಗೆ ಇನ್ನೊಂದು ವಿಷಯಾನೂ ಹೇಳಿ. 1784ರ ಮಾರ್ಚ್ 11ಕ್ಕೆ ಮಂಗಳೂರಿನಲ್ಲೇ ಒಪ್ಪಂದವಾಗಿ ಎರಡನೇ ಮೈಸೂರು ಯುದ್ಧ ನಿಂತಿತು. ಅದೇ ವರ್ಷ ಟಿಪ್ಪು ಕರಾವಳಿಯ ಸಾವಿರಾರು ಕ್ಯಾಥೊಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅಂದ್ರೆ ಘಟ್ಟದ ಮೇಲೆ ಕೋಟೆ ಕಟ್ಟಿಸಿದವನು ಅಂತ ನೆನಪಿರೋ ದೊರೆಯೇ ಘಟ್ಟದ ಕೆಳಗೆ ಎಷ್ಟೋ ಮನೆಗಳಲ್ಲಿ ಬೇರೆ ಥರ ನೆನಪಿದ್ದಾನೆ. ಎರಡೂ ನಿಜ. ಒಂದೇ ಪಠ್ಯಪುಸ್ತಕ ಓದೋ ಮಗುವಿಗೆ ಇದು ಎರಡೂ ಜಾಗ ನೋಡಿದಾಗಲೇ ಅರ್ಥ ಆಗೋದು.

ಇನ್ನೂ ಹಿಂದಕ್ಕೆ ಹೋಗೋಣ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಟ್ಯುನೀಶಿಯಾ ಕಡೆಯಿಂದ ಏಡನ್ ಮೇಲೆ ಹಾಯ್ದು ಮಂಗಳೂರಿಗೆ ಬಂದು, ಹದಿನೇಳು ವರ್ಷದಷ್ಟು ಕಾಲ ಇಲ್ಲೇ ಸಂಸಾರ ಮಾಡ್ಕೊಂಡಿದ್ದ. ಅವನ ಪತ್ರಗಳು ಕೈರೋದ ಹಳೇ ಸಿನಗಾಗಿನ ಕಾಗದದ ರಾಶಿಯಲ್ಲಿ ಸಿಕ್ಕವು. ಅಮಿತಾವ್ ಘೋಷ್ ಅದರ ಮೇಲೆ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಅಂತ ಪುಸ್ತಕವನ್ನೇ ಬರೆದರು. ಬೆನ್ ಯಿಜು ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡ್ತಿದ್ದ ಆಳಿನ ಹೆಸರು ಬೊಮ್ಮ! ಆ ಪತ್ರಗಳಲ್ಲಿ ಮೆಣಸಿನ ಮಾತಿದೆ, ಹಣ ತಗೊಂಡು ಏಲಕ್ಕಿ ಕಳಿಸದೇ ಸತಾಯಿಸಿದವನ ಮೇಲಿನ ದೂರೂ ಇದೆ. ಏಲಕ್ಕಿ ಸಮುದ್ರದ ಮರಳಲ್ಲಿ ಬೆಳೆಯಲ್ಲ. ಅದಕ್ಕೆ ಕಾಡಿನ ನೆರಳು ಬೇಕು, ತಂಪು ಬೇಕು. ಅಂದ್ರೆ ಆ ಚೀಲಗಳು ಯಾವುದೋ ಘಟ್ಟ ಇಳಿದೇ ಹಡಗು ಹತ್ತಿರಬೇಕು. ಹದಿನಾಲ್ಕನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಕೂಡ ಯೆಮೆನ್, ಫಾರ್ಸ್ ಕಡೆಯ ವ್ಯಾಪಾರಿಗಳು ಇಲ್ಲಿಗೆ ಬರೋದನ್ನು, ಇಲ್ಲಿನ ಮೆಣಸು-ಶುಂಠಿಯನ್ನು ಬರೆದಿಟ್ಟಿದ್ದಾನೆ. ಇವತ್ತು ಆಲೂರಿನ ಗದ್ದೆಗಳಲ್ಲಿ ಶುಂಠಿ ಹಾಕಿ ರೇಟಿಗೆ ಕಾಯ್ತಾ ಕೂರೋ ನಮ್ಮವರಿಗೆ ಈ ವ್ಯಾಪಾರ ಎಷ್ಟು ಹಳೇದು ಅಂತ ಯಾರಾದ್ರೂ ಹೇಳಬೇಕು.

ಆಮೇಲೆ ಕಾಫಿ. ನಮ್ಮ ಕಣದಲ್ಲಿ ಒಣಗಿದ ಪಾರ್ಚ್‌ಮೆಂಟು, ಚೆರಿ ಹಿಂದೆಲ್ಲ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಇಳೀತಿತ್ತು. ಕಾರಣ ಸರಳ. ಕೊಯ್ಲಿನ ಕಾಲದಲ್ಲಿ ನಮ್ಮಲ್ಲಿ ಮಂಜು, ಅಲ್ಲಿ ಸುಡು ಬಿಸಿಲು, ಪಕ್ಕದಲ್ಲೇ ಬಂದರು. ಹಾಯಿ ಹಡಗಿನ ಕಾಲದಲ್ಲಿ ಕಾಫಿ ಆಫ್ರಿಕಾ ಸುತ್ತಿ ಯುರೋಪು ಸೇರೋಕೆ ತಿಂಗಳುಗಟ್ಟಲೆ ಹಿಡೀತಿತ್ತು. ಕಡಲಿನ ತೇವಕ್ಕೆ ಬೀಜ ಊದಿ ಹಳದಿಗೆ ತಿರುಗಿ, ಹುಳಿ ಕಡಿಮೆಯಾಗ್ತಿತ್ತು. ಅಲ್ಲಿನವರ ನಾಲಿಗೆಗೆ ಅದೇ ರೂಢಿಯಾಯ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿ ಹಡಗು ಬಂದ ಮೇಲೆ ಕಾಫಿ ಬೇಗ ತಲುಪ್ತು, ರುಚಿ ಬದಲಾಯ್ತು, ಗಿರಾಕಿಗಳು ಹಳೇದನ್ನೇ ಕೇಳಿದ್ರು. ಆಗ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಮಳೆಗಾಲದ ಗಾಳಿಗೆ ಹರವಿ ಅದೇ ರುಚಿ ತರೋ ಉಪಾಯ ಹೊಳೀತು. ನೀವು ಇಂದಿರಾನಗರದ ಕೆಫೆಯಲ್ಲಿ ಮುನ್ನೂರು ರೂಪಾಯಿ ಕೊಟ್ಟು ಕುಡಿಯೋ ‘ಮಾನ್ಸೂನ್ಡ್ ಮಲಬಾರ್’ ಇದೇ.

ಘಟ್ಟದಿಂದ ಮಾಲು ಇಳಿದಿದ್ದಷ್ಟೇ ಅಲ್ಲ, ಹತ್ತಿದ್ದೂ ಇದೆ. ಆಲೂರಿನ ನಮ್ಮ ಹಳೇ ಮನೆಯ ಮಾಡಿನ ಒಂದು ಹೆಂಚು ತೆಗೆದು ತಿರುಗಿಸಿದ್ರೆ ಕಂಪನಿ ಹೆಸರಿನ ಜೊತೆ ಮಂಗಳೂರು ಅಂತ ಅಚ್ಚಿದೆ. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದೋಕೆ ಕಲಿತ ಮೊದಲ ಬೋರ್ಡುಗಳಲ್ಲಿ ಅದೂ ಒಂದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ದಂಡೆಯ ಜೇಡಿಮಣ್ಣು ದೇಶ-ವಿದೇಶದ ಸೂರು ಸೇರ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಿದ್ದು, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾಗಿದ್ದು ಇದೇ ಮಿಷನ್ನಿನ ಮಂಗಳೂರಿನಲ್ಲಿ. ನಮ್ಮ ತಲೆ ಮೇಲಿನ ಹೆಂಚು, ನಾವು ಪದದ ಅರ್ಥ ಹುಡುಕೋ ನಿಘಂಟು ಎರಡೂ ಒಂದೇ ಊರಿಂದ ಬಂದವು. ಈಗ ನಮ್ಮೂರಲ್ಲಿ ಹೆಂಚು ಇಳಿಸಿ ಶೀಟು, ಆರ್‌ಸಿಸಿ ಹಾಕ್ತಿದ್ದಾರೆ. ಸೋರೋ ಮನೆಯಲ್ಲಿ ಇರೋರನ್ನು ಬೇಡ ಅನ್ನೋಕಾಗಲ್ಲ. ಆದ್ರೆ ಇನ್ನು ಹತ್ತು ವರ್ಷ ಹೋದ್ರೆ ಈ ಅಚ್ಚನ್ನು ಮಕ್ಕಳಿಗೆ ತೋರಿಸೋಕೆ ಮನೆಗಳೇ ಇರಲ್ಲ.

ಇಷ್ಟೆಲ್ಲ ನಂಟಿದ್ರೂ ನಮ್ಮಜ್ಜಿ ‘ಘಟ್ಟದ ಕೆಳಗೆ’ ಅನ್ನೋದನ್ನು ಪರದೇಶ ಅನ್ನೋ ಹಾಗೆ ಹೇಳೋರು. ಅದಕ್ಕೂ ಕಾರಣ ಇತ್ತು. 1956ರ ನವೆಂಬರ್ 1ರವರೆಗೆ ಸಕಲೇಶಪುರ ಮೈಸೂರು ರಾಜ್ಯದಲ್ಲಿತ್ತು, ಮಂಗಳೂರು ಮದ್ರಾಸಿಗೆ ಸೇರಿತ್ತು. ಗಡಿ ಅಳಿಸಿದ ಮೇಲೂ ರೈಲು ಬರೋಕೆ 1979 ಆಯ್ತು. ಗೇಜ್ ಬದಲಾವಣೆಗೆ 1996ರಲ್ಲಿ ಅದೂ ನಿಂತು, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಆದ್ರೆ ನೀರಿಗೆ ಯಾವ ಗಡಿ? ನಮ್ಮ ತಾಲೂಕಿನ ಒಂದು ಮಗ್ಗುಲಲ್ಲಿ ಬಿದ್ದ ಮಳೆ ಹೇಮಾವತಿ ಸೇರಿ ಪೂರ್ವಕ್ಕೆ ಹೋದ್ರೆ, ಇನ್ನೊಂದು ಮಗ್ಗುಲಿನದು ಕೆಂಪುಹೊಳೆ, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕೂಡಿ, ಮಂಗಳೂರಿನಲ್ಲಿ ಸಮುದ್ರ ಸೇರುತ್ತೆ. ಎತ್ತಿನಹೊಳೆ ನೀರು ಪೂರ್ವಕ್ಕೆ ತಿರುಗಿಸಿದ್ರೆ ಕರಾವಳಿಯವರು ಯಾಕೆ ತಳಮಳಗೊಳ್ತಾರೆ ಅಂತ ತಿಳಿಬೇಕಾದ್ರೂ ಆ ಅಳಿವೆಯ ಹತ್ತಿರ ಒಂದ್ಸಲ ನಿಲ್ಲಬೇಕು.

ಹೇಗೆ ಹೋಗೋದು? ಅಕ್ಟೋಬರಿನಿಂದ ಫೆಬ್ರವರಿ ಒಳಗೆ ಹೋಗಿ. ಮಳೆಗಾಲದಲ್ಲಿ ಶಿರಾಡಿಯ ಗುಡ್ಡ ಯಾವಾಗ ಜರಿಯುತ್ತೋ ಹೇಳೋಕಾಗಲ್ಲ. ಆದ್ರೆ ಹಗಲು ರೈಲು ಹಿಡೀರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, ಎಣಿಸೋ ಕೆಲಸ ಮಕ್ಕಳಿಗೆ ವಹಿಸಿಬಿಡಿ. ಮಂಗಳೂರಲ್ಲಿ ಒಂದು ದಿನ ಕದ್ರಿಯ ಲೋಕೇಶ್ವರ, ಸಂತ ಅಲೋಶಿಯಸ್ ಚಾಪೆಲ್, ಬಂದರಿನ ಹಳೇ ಮಸೀದಿ. ಕದ್ರಿಯ ಕಂಚಿನ ಮೂರ್ತಿಯ ಶಾಸನ ಕ್ರಿ.ಶ. 968ರದ್ದು. ಚಾಪೆಲ್ಲಿನ ಗೋಡೆ, ಸೂರು ತುಂಬ ಚಿತ್ರ ಬರೆದವರು ಇಟಲಿಯ ಮೊಸ್ಕೇನಿ. ಇನ್ನೊಂದು ದಿನ ಬತ್ತೇರಿ, ಅಲ್ಲಿಂದ ದೋಣಿಯಲ್ಲಿ ತಣ್ಣೀರುಬಾವಿ. ನಡುವೆ ನೀರ್‌ದೋಸೆ, ಬನ್ಸ್, ಗಡ್‌ಬಡ್ ಹೇಗೂ ಇದ್ದೇ ಇದೆ. ಊರಿನ ಹೆಸರನ್ನೇ ಕೇಳಿ ನೋಡಿ. ತುಳುವರಿಗೆ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ.

ಈಗ ಮಂಗಳೂರು ಅಂದ್ರೆ ನಮ್ಮ ಆಫೀಸಿನ ಹುಡುಗರಿಗೆ ನೆನಪಾಗೋದು ಟಿವಿಯ ಗಲಾಟೆ ಸುದ್ದಿ. ಆ ಸುದ್ದಿ ಸುಳ್ಳಲ್ಲ. ಆದ್ರೆ ಎಂಟುನೂರು-ಒಂಬೈನೂರು ವರ್ಷದ ಹಿಂದೆ ಬೊಮ್ಮ, ಬೆನ್ ಯಿಜು ಸೇರಿ ಲೆಕ್ಕ ಬರೆದ ಊರೂ ಅದೇ. ಬೆಳೆಯೋ ಮಕ್ಕಳಿಗೆ ಎರಡನೇದೂ ಗೊತ್ತಿರಬೇಕು, ಅದೂ ನಮ್ಮ ಬಾಯಿಂದಲೇ. ಸಾಧ್ಯವಾದ್ರೆ ಮನೆಯ ಹಿರಿಯರನ್ನೂ ಕರ್ಕೊಂಡು ಹೋಗಿ. ಗಾಡಿಯಲ್ಲಿ ಕಾಫಿ ಮೂಟೆ ಇಳಿಸಿದವರು, ಹೆಂಚು ಹೊತ್ತು ತಂದವರು ಊರಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ. ಅವರು ಹೇಳೋದನ್ನು ಕೇಳೋಕೆ ರೈಲಿನ ಕಿಟಕಿ ಪಕ್ಕ ಒಳ್ಳೇ ಜಾಗ.