ದಾಬೋಲಿಮ್‌ನಿಂದ ಅಲಗೇರಿಗೆ ಎಷ್ಟು ದೂರ?

ಗೋವಾದ ದಾಬೋಲಿಮ್ ವಿಮಾನ ನಿಲ್ದಾಣದಿಂದ ಅಂಕೋಲಾದ ಅಲಗೇರಿಗೆ ನಕ್ಷೆ ಮೇಲೆ ನೇರ ಗೆರೆ ಎಳೆದ್ರೆ ಸುಮಾರು 95 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರೋ ಎಟಿಆರ್ ವಿಮಾನಕ್ಕೆ ಇದು ಹನ್ನೆರಡು ನಿಮಿಷದ ದಾರಿ. ಏರೋದು, ಇಳಿಯೋದು ಎಲ್ಲ ಸೇರಿಸಿದರೂ ಅರ್ಧ ಗಂಟೆ. ಆದ್ರೆ ಅಲಗೇರಿಯ ನಿಲ್ದಾಣ ಇನ್ನೂ ಯೋಜನೆಯಲ್ಲೇ ಇದೆ. ನಮ್ಮ ಕರಾವಳಿಯಲ್ಲಿ ಆಕಾಶದ ದೂರವನ್ನು ಕಿಲೋಮೀಟರ್ ಯಾವತ್ತೂ ನಿರ್ಧರಿಸಿಲ್ಲ.

ದಾಬೋಲಿಮ್ ಕಟ್ಟಿದ್ದು 1950ರ ದಶಕದಲ್ಲಿ, ಪೋರ್ಚುಗೀಸರು. ಭಾರತ ಗೋವಾಕ್ಕೆ ಆರ್ಥಿಕ ದಿಗ್ಬಂಧನ ಹಾಕಿದ ಕಾಲ ಅದು. ರೈಲು, ರಸ್ತೆ ಮುಚ್ಚಿದ ಮೇಲೆ ಅವರಿಗೆ ಉಳಿದದ್ದು ಸಮುದ್ರ ಮತ್ತು ಆಕಾಶ. ಅವರದ್ದೇ ವಿಮಾನ ಸಂಸ್ಥೆ ಭಾರತದ ನೆಲ ತಪ್ಪಿಸಿ, ಸಮುದ್ರದ ಮೇಲಿಂದ ಕರಾಚಿಗೆ ಹಾರುತ್ತಿತ್ತು. ಕಾರವಾರ ಅಲ್ಲಿಂದ ನೇರ 70 ಕಿ.ಮೀ., ಕರಾಚಿ 1,200 ಕಿ.ಮೀ.ಗೂ ಹೆಚ್ಚು. ಆದರೂ ದಾಬೋಲಿಮ್‌ಗೆ ಕಾರವಾರಕ್ಕಿಂತ ಕರಾಚಿಯೇ ಹತ್ತಿರ!

1961ರ ಡಿಸೆಂಬರ್ 18ರಂದು ಪುಣೆಯಿಂದ ಬಂದ ನಮ್ಮ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಮ್ ರನ್‌ವೇ ಮೇಲೆ ಬಾಂಬ್ ಹಾಕಿದವು. ಅದೇ ದಿನ ಕಾರವಾರದ ಎದುರಿಗಿರೋ ಅಂಜದೀವ್ ದ್ವೀಪ ಗೆಲ್ಲೋಕೆ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಆ ರಾತ್ರಿ, ಗುಂಡಿ ಬಿದ್ದ ರನ್‌ವೇಯಿಂದಲೇ ಎರಡು ಪೋರ್ಚುಗೀಸ್ ವಿಮಾನಗಳು ಎದ್ದು ಕರಾಚಿಗೆ ಪಾರಾದವು. ಮರುದಿನ ಗೋವಾ ಭಾರತದ್ದಾಯಿತು. ಗಡಿ ಅಳಿಸಿತು, ವಿಮಾನ ನಿಲ್ದಾಣ ಕಾರವಾರಕ್ಕೆ ಹತ್ತಿರ ಬಂತು. ನೆಲ ಮಾತ್ರ ಒಂದಿಂಚೂ ಸರಿದಿರಲಿಲ್ಲ.

ದಾಬೋಲಿಮ್ ನೌಕಾಪಡೆಯ ಕೈಗೆ ಬಂತು. ಇವತ್ತಿಗೂ ಅಲ್ಲಿ ನಾಗರಿಕ ವಿಮಾನಗಳು ನೌಕಾಪಡೆಯ ಜೊತೆ ರನ್‌ವೇ ಹಂಚಿಕೊಳ್ಳುತ್ತವೆ. ಅಂಕೋಲಾದ್ದೂ ಅದೇ ಮಾದರಿ: ನೌಕಾ ವಾಯುನೆಲೆ, ಪಕ್ಕದಲ್ಲಿ ನಾಗರಿಕ ಟರ್ಮಿನಲ್.

ಈ ಕಥೆ 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದಾಗ ಶುರುವಾಯಿತು. ಕಾರವಾರ, ಅಂಕೋಲಾ ತಾಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಂಡೆ ಬಿಟ್ಟು ಎದ್ದವು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಪರಿಹಾರದ ಕೇಸುಗಳು ಅದಾದ ಮೇಲೂ ವರ್ಷಗಟ್ಟಲೆ ಕೋರ್ಟು ಸುತ್ತಿದವು. ಅದರ ಬೆನ್ನಿಗೇ ವಿಮಾನ ನಿಲ್ದಾಣಕ್ಕೆ ಅಂತ ಅಲಗೇರಿ, ಬೇಲೆಕೇರಿ, ಭಾವಿಕೇರಿ ಕಡೆಯ ಜಮೀನಿನ ಸರದಿ ಬಂತು.

2016ರ ಉಡಾನ್ ಯೋಜನೆ ಸುಮಾರು ಒಂದು ಗಂಟೆಯ ಹಾರಾಟದ ಕೆಲವು ಸೀಟುಗಳಿಗೆ 2,500 ರೂಪಾಯಿ ಮಿತಿ ಹಾಕಿತು. ಹುಬ್ಬಳ್ಳಿಯಂಥ ನಿಲ್ದಾಣಗಳು ಅದರಿಂದ ಚಿಗುರಿದವು. ಅಂಕೋಲಾದಿಂದ ಹುಬ್ಬಳ್ಳಿ ನೇರ 115 ಕಿ.ಮೀ., ಆದ್ರೆ ರಸ್ತೆಯಲ್ಲಿ ಅರಬೈಲ್ ಘಟ್ಟ ಹತ್ತಬೇಕು. ಹಾಗಾಗಿ ನಮ್ಮೂರಿಗೆ ವಿಮಾನ ಬೇಡ ಅಂತ ನಾನಂತೂ ಹೇಳಲ್ಲ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಲ್ಲಿ ಕೂತು ಹೋಗೋ ನಮಗೆ ಅದರ ಬೆಲೆ ಗೊತ್ತು.

ವಿಮಾನಯಾನದಲ್ಲಿ ‘ಬ್ಲಾಕ್ ಟೈಮ್’ ಅನ್ನೋ ಲೆಕ್ಕ ಇದೆ. ವಿಮಾನ ಒಂದು ನಿಲ್ದಾಣದಲ್ಲಿ ಕದಲಿದ ಕ್ಷಣದಿಂದ ಇನ್ನೊಂದರಲ್ಲಿ ಪೂರ್ತಿ ನಿಲ್ಲೋವರೆಗಿನ ಸಮಯ ಅದು. ಟಿಕೆಟಿನ ಮೇಲೆ ಬರೋದು ಅಷ್ಟೇ. ಜಮೀನು ಬಿಟ್ಟವರು ಪರಿಹಾರಕ್ಕೆ ಕಾದ ವರ್ಷಗಳು ಯಾವ ಟಿಕೆಟಿನಲ್ಲೂ ಇರಲ್ಲ. ಅಲಗೇರಿಯಲ್ಲಿ ಮೊದಲ ವಿಮಾನ ಇಳಿಯೋ ಮೊದಲು ಆ ಬಾಕಿ ಚುಕ್ತಾ ಆಗಬೇಕು.