ಎರಡು ಸ್ಕ್ಯಾನ್‌ಗಳ ನಡುವಿನ ಬದುಕು

ದುಂಡಸಿಯ ಇಪ್ಪತ್ತೈದರ ಹುಡುಗನೊಬ್ಬನಿಗೆ ಅಪರೂಪದ ಗಡ್ಡೆ ಕಾಣಿಸಿಕೊಂಡರೆ ಮನೆಯವರು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೇಕಾದರೆ ಅಲ್ಲಿಂದ ಬೆಂಗಳೂರಿನ ಕಿದ್ವಾಯಿ. ಈ ದಾರಿ ಶಿಗ್ಗಾಂವಿ ಸೀಮೆಗೆ ಹೊಸದಲ್ಲ. ಆದರೆ ಕೀಮೋ ಮುಗಿಸಿ ಊರಿಗೆ ಮರಳಿದವನು 'ಮತ್ತೆ ಬಂದರೆ?' ಎಂಬ ಪ್ರಶ್ನೆಯನ್ನು ಹೊತ್ತು ಬದುಕುವುದು ಹೇಗೆ? ಅದನ್ನು ಕಲಿಸುವ ವಿದ್ಯೆ ಇನ್ನೂ ಎಳೆಯದು.

ಕಿದ್ವಾಯಿ ಆರಂಭವಾದ 1973ರ ಹೊತ್ತಿಗೆ ವೈದ್ಯಲೋಕದ ಚಿಂತೆಯೆಲ್ಲ ಜೀವ ಉಳಿಸುವುದರ ಮೇಲಿತ್ತು. ಮರುವರ್ಷವೇ ಅಮೆರಿಕದ ಇಂಡಿಯಾನದಲ್ಲಿ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಔಷಧ ಬಳಸಿ, ತರುಣರನ್ನು ಹೆಚ್ಚಾಗಿ ಕಾಡುವ ವೃಷಣದ ಕ್ಯಾನ್ಸರಿನ ಗತಿಯನ್ನೇ ಬದಲಿಸಿದರು. ಬದುಕುಳಿದ ತರುಣರ ಸಂಖ್ಯೆ ಹೆಚ್ಚಿದಂತೆ ಅವರ ಮನಸ್ಸಿನ ಪ್ರಶ್ನೆಯೂ ಎದುರಾಯಿತು. 1988ರಲ್ಲಿ ನರ್ಸಿಂಗ್ ವಿದ್ವಾಂಸೆ ಮರ್ಲ್ ಮಿಶೆಲ್ ಕಾಯಿಲೆಯ ಅನಿಶ್ಚಿತತೆಗೇ ಒಂದು ಸಿದ್ಧಾಂತ ರೂಪಿಸಿದರು. ಎರಡು ವರ್ಷಗಳ ನಂತರ ಅದನ್ನು ತಾವೇ ತಿದ್ದಿದರು: ದೀರ್ಘಕಾಲದ ಕಾಯಿಲೆಯಲ್ಲಿ ಅನಿಶ್ಚಿತತೆಯನ್ನು ಹೋಗಲಾಡಿಸಲು ಆಗದು, ಅದರೊಂದಿಗೇ ಬದುಕನ್ನು ಹೊಸದಾಗಿ ಕಟ್ಟಿಕೊಳ್ಳಬಹುದು. ಈ ಕ್ಷೇತ್ರದಲ್ಲಿ ಇದೊಂದು ದೊಡ್ಡ ತಿರುವು.

ಅಪರೂಪದ ಕ್ಯಾನ್ಸರಿನಲ್ಲಿ ಈ ಭಾರ ಇನ್ನೂ ಹೆಚ್ಚು. ಯುರೋಪಿನ ಲೆಕ್ಕದಂತೆ ವರ್ಷಕ್ಕೆ ಲಕ್ಷ ಜನರಲ್ಲಿ ಆರಕ್ಕಿಂತ ಕಡಿಮೆ ಮಂದಿಗೆ ಬರುವುದು ಅಪರೂಪದ್ದು. ಹಿಂದಿನ ರೋಗಿಗಳೇ ಕಡಿಮೆಯಿದ್ದಾಗ ವೈದ್ಯರ ಉತ್ತರವೂ ಅಳುಕುತ್ತದೆ.

ವಯಸ್ಸಿನ ಪ್ರಶ್ನೆ ಬೇರೆ. ಮಕ್ಕಳ ವಾರ್ಡಿಗೂ ಹಿರಿಯರ ವಾರ್ಡಿಗೂ ಸೇರದ ಹದಿಹರೆಯದವರಿಗಾಗಿ 1990ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಪ್ರತ್ಯೇಕ ಘಟಕ ತೆರೆಯಿತು. 2006ರಲ್ಲಿ ಅಮೆರಿಕದ ವರದಿಯೊಂದು 15ರಿಂದ 39ರ ವಯೋಮಾನವನ್ನೇ ಪ್ರತ್ಯೇಕ ಗುಂಪಾಗಿ ನೋಡಬೇಕೆಂದಿತು. ಓದು, ನೌಕರಿ, ಮದುವೆ, ಮಕ್ಕಳು ಎಲ್ಲವೂ ಕೂಡಿಬರುವ ವಯಸ್ಸದು. ವೀರ್ಯ ಅಥವಾ ಅಂಡಾಣುಗಳನ್ನು ಕಾಯ್ದಿಡುವ ಮಾತನ್ನು ಕೀಮೋಗೆ ಮೊದಲೇ ಆಡಬೇಕು. ಸಂಕೋಚದಿಂದ ಮುಂದೂಡಿದರೆ ಅವಕಾಶವೇ ತಪ್ಪಿಹೋಗಬಹುದು.

ಭಾರತಕ್ಕೆ ಈ ಕಥೆಯನ್ನು ಹತ್ತಿರ ತಂದವರು ಯುವರಾಜ್ ಸಿಂಗ್. 2011ರ ವಿಶ್ವಕಪ್ಪಿನ ಸರಣಿಶ್ರೇಷ್ಠನ ಎದೆಗೂಡಿನಲ್ಲಿದ್ದುದು ಸೆಮಿನೋಮಾ ಎಂಬ ಅಪರೂಪದ ಕ್ಯಾನ್ಸರ್ ಗಡ್ಡೆ. ಚಿಕಿತ್ಸೆ ನೀಡಿದವರು ಅದೇ ಐನ್‌ಹಾರ್ನ್. 2012ರ ಸೆಪ್ಟೆಂಬರಿನಲ್ಲಿ ಯುವರಾಜ್ ಚೆನ್ನೈನಲ್ಲಿ ಮತ್ತೆ ಆಡಿದರು. ಆದರೆ ಕ್ರಿಕೆಟಿಗನಿಗೆ ಸಿಕ್ಕ ಆಸರೆ ಹೊಲ, ಸಾಲ, ಬಸ್ಸಿನ ವೇಳೆ ನೋಡಿಕೊಂಡು ಓಡಾಡುವವನಿಗೆ ಸಿಗುವುದಿಲ್ಲ.

ಮನೆಯವರು ರೋಗಿಯಿಂದಲೇ ರೋಗದ ಹೆಸರು ಮುಚ್ಚಿಡುವುದು ನಮ್ಮ ಕಡೆ ಇಂದಿಗೂ ಇದೆ. ಪ್ರೀತಿಯಿಂದಲೇ ಮುಚ್ಚಿಡುತ್ತಾರೆ, ಆದರೂ ಅದು ದಿಗಿಲನ್ನು ಹೆಚ್ಚಿಸುತ್ತದೆ. ಕಿದ್ವಾಯಿಗೆ ಹೊಂದಿಕೊಂಡಿರುವ ನಿಮ್ಹಾನ್ಸ್‌ನಲ್ಲಿ ಸಂತೋಷ್ ಚತುರ್ವೇದಿ ಅವರಂಥ ಮನೋವೈದ್ಯರು ಕ್ಯಾನ್ಸರ್ ರೋಗಿಗಳ ಆತಂಕವನ್ನೂ, ಅವರೊಂದಿಗೆ ಮಾತಾಡುವ ಬಗೆಯನ್ನೂ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ.

ಆಸ್ಟ್ರೇಲಿಯಾದ ಸಂಶೋಧಕಿ ಫಿಲ್ಲಿಸ್ ಬ್ಯೂಟೊ ಅವರ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ಭೇಟಿಗಳ ಮಾತುಕತೆ ಮರುಕಳಿಕೆಯ ಭಯವನ್ನು ತಗ್ಗಿಸಿತು. ಭಯ ಬಂದಾಗ ಅದಕ್ಕೆ ಎಷ್ಟು ಗಮನ ಕೊಡಬೇಕೆಂಬುದನ್ನು ಅಲ್ಲಿ ಕಲಿಸಿದರು. ಭಾಗವಹಿಸಿದವರು ಸ್ತನ, ಕರುಳು, ಚರ್ಮದ ಕ್ಯಾನ್ಸರಿನವರು. ಅಪರೂಪದ ಕ್ಯಾನ್ಸರಿನವರಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು.

2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡಬಹುದು. ಅದು ಕ್ಯಾನ್ಸರಿಗೆಂದೇ ಇರುವ ಸೇವೆಯಲ್ಲ. ರಿಪೋರ್ಟ್ ಕೈಗೆ ಬರುವ ದಿನ ಪಕ್ಕದಲ್ಲಿ ಕೂತು ಮಾತಾಡುವ ಆಪ್ತಸಮಾಲೋಚಕರು ಹಾವೇರಿ ಜಿಲ್ಲೆಯ ಆಸ್ಪತ್ರೆಗಳಲ್ಲೇ ಸಿಗಬೇಕು.